ಸೋಮವಾರ ಮುಗಿಯುವುದು ಯಾವಾಗ?

2024ರ ಜನವರಿ 16ರಂದು ಬೆಳಗಿನ ಜಾವ 3-45ಕ್ಕೆ ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ದಾಖಲೆಯಲ್ಲಿ, ಮುಂದೆ ಬರುವ ಜನನ ಪ್ರಮಾಣಪತ್ರದಲ್ಲಿ, ಶಾಲೆಯ ಅರ್ಜಿಯಲ್ಲಿ, ಎಲ್ಲ ಕಡೆಯೂ ಆ ದಿನ ಮಂಗಳವಾರ. ಜಾತಕ ಬರೆಸಿದರೆ ಮಾತ್ರ ವಾರದ ಜಾಗದಲ್ಲಿ 'ಸೋಮವಾರ' ಎಂದಿರುತ್ತದೆ. ಅದನ್ನು ನೋಡಿ ಜೋಯಿಸರೇ ಎಡವಿದ್ದಾರೆ ಎಂದುಕೊಳ್ಳುವವರಿದ್ದಾರೆ. ಇನ್ನು ಕೆಲವರು ಅದಕ್ಕಿಂತ ದೊಡ್ಡ ತೊಡಕಿಗೆ ಕೈಹಾಕುತ್ತಾರೆ. 'ಶಾಸ್ತ್ರದ ಪ್ರಕಾರ ಇನ್ನೂ ಹಿಂದಿನ ದಿನವೇ ತಾನೆ' ಎಂದು ತಾರೀಖನ್ನೇ ತಿದ್ದಿ, ಮೊಬೈಲಿನ ಜಾತಕದ ಆ್ಯಪ್‌ನಲ್ಲಿ 'ಜನವರಿ 15, ಬೆಳಗಿನ ಜಾವ 3-45' ಎಂದು ತುಂಬುತ್ತಾರೆ. ಆಗ ಸಿಗುವುದು ಪೂರ್ತಿ 24 ಗಂಟೆ ಹಿಂದಿನ ಜಾತಕ. ಅಷ್ಟು ಹೊತ್ತಿನಲ್ಲಿ ಚಂದ್ರ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು ದೂರ ಸರಿಯುತ್ತಾನೆ. ಜನ್ಮನಕ್ಷತ್ರ ಬದಲಾಗಿ, ಅದರ ಮೇಲೆ ನಿಂತ ದಶೆಯ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಆಸ್ಪತ್ರೆ ಬರೆದದ್ದೂ ಸರಿ, ಜೋಯಿಸರು ಬರೆದದ್ದೂ ಸರಿ. ತಾರೀಖು ಮಧ್ಯರಾತ್ರಿ ಬದಲಾಗುತ್ತದೆ, ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ. ಇಷ್ಟು ಹೇಳಿ ಮುಗಿಸುವ ಲೇಖನಗಳು ಬೇಕಾದಷ್ಟಿವೆ. ಆದರೆ ಯಾವ ಊರಿನ ಸೂರ್ಯೋದಯ, ಸೂರ್ಯನ ಯಾವ ಭಾಗದ ಉದಯ, ಯಾವ ಕೆಲಸಕ್ಕಾಗಿ ನೋಡುವ ಸೂರ್ಯೋದಯ ಎಂದು ಕೇಳದೆ ಆ ಉತ್ತರ ಪೂರ್ತಿಯಾಗುವುದಿಲ್ಲ. ನಮ್ಮ ಜ್ಯೋತಿಷ ಗ್ರಂಥಗಳು ಈ ಪ್ರಶ್ನೆಗಳನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದವು, ಒಂದೇ ಉತ್ತರಕ್ಕೆ ಅಂಟಿಕೊಂಡೂ ಇರಲಿಲ್ಲ.

ಐದರಲ್ಲಿ ಒಂದು ಮಾತ್ರ

ಪಂಚಾಂಗದ ಐದು ಅಂಗಗಳು ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಇವುಗಳಲ್ಲಿ ನಾಲ್ಕಕ್ಕೆ ಸೂರ್ಯೋದಯದ ಹಂಗಿಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು, ಅದರ ಅರ್ಧ ಒಂದು ಕರಣ. ಚಂದ್ರ 13 ಡಿಗ್ರಿ 20 ಕಲೆ (ಒಂದು ಡಿಗ್ರಿಗೆ 60 ಕಲೆ) ದಾಟಿದರೆ ಒಂದು ನಕ್ಷತ್ರ. ಸೂರ್ಯ ಚಂದ್ರರ ಸ್ಫುಟಗಳನ್ನು, ಅಂದರೆ ರಾಶಿಚಕ್ರದಲ್ಲಿ ಅವರಿರುವ ಡಿಗ್ರಿಗಳನ್ನು, ಕೂಡಿಸಿ ಅಷ್ಟೇ ಭಾಗ ಮಾಡಿದರೆ ಯೋಗ. ಆಕಾಶದಲ್ಲಿ ಈ ಗಡಿ ದಾಟುವ ಕ್ಷಣ ಇಡೀ ಭೂಮಿಗೆ ಒಂದೇ. ಬೀದರಿನಲ್ಲಿ ಪಂಚಮಿ ಮುಗಿದ ಕ್ಷಣವೇ ಮಂಗಳೂರಿನಲ್ಲೂ ಲಂಡನ್ನಿನಲ್ಲೂ ಮುಗಿಯುತ್ತದೆ, ಗಡಿಯಾರ ತೋರಿಸುವ ಗಂಟೆ ಮಾತ್ರ ಬೇರೆ.

ವಾರ ಹಾಗಲ್ಲ. ಅದು ನೀವು ನಿಂತ ನೆಲದಲ್ಲಿ ಸೂರ್ಯ ಹುಟ್ಟಿದಾಗ ಶುರುವಾಗಿ, ಮರಳಿ ಹುಟ್ಟುವ ತನಕ ಇರುತ್ತದೆ. ಸೂರ್ಯೋದಯದಿಂದ ಸೂರ್ಯೋದಯದವರೆಗಿನ ಈ ಅವಧಿಯನ್ನು ಸಿದ್ಧಾಂತ ಗ್ರಂಥಗಳು, ಅಂದರೆ ನಮ್ಮ ಹಳೆಯ ಖಗೋಳಗಣಿತದ ಗ್ರಂಥಗಳು, ಸಾವನ ದಿನ ಎನ್ನುತ್ತವೆ.

ಮೇಲಿನ ಮಗುವಿನ ಉದಾಹರಣೆಯನ್ನೇ ನೋಡಿ. ದೃಗ್ಗಣಿತದ (ಆಕಾಶದಲ್ಲಿ ಕಾಣುವುದಕ್ಕೆ ಹೊಂದುವಂತೆ ಮಾಡುವ ಗಣಿತದ) ಪ್ರಕಾರ 15ನೇ ತಾರೀಖು ಸೋಮವಾರ ಸೂರ್ಯೋದಯಕ್ಕೆ ಶುಕ್ಲ ಪಂಚಮಿ ಇತ್ತು. ಅದು ಆ ರಾತ್ರಿ ಎರಡೂಕಾಲರ ಹೊತ್ತಿಗೆ ಮುಗಿದು ಷಷ್ಠಿ ಹತ್ತಿತು. 3-45ಕ್ಕೆ ಹುಟ್ಟಿದ ಮಗುವಿನ ಜನ್ಮತಿಥಿ ಷಷ್ಠಿ, ಜನ್ಮವಾರ ಸೋಮವಾರ. ಕ್ಯಾಲೆಂಡರಿನ ಸೋಮವಾರದ ಚೌಕದಲ್ಲಿ ಪಂಚಮಿ ಎಂದು ಅಚ್ಚಾಗಿದೆ ಎಂಬ ಕಾರಣಕ್ಕೆ ಜನ್ಮತಿಥಿಯನ್ನೂ ಪಂಚಮಿ ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ಉದಯಕಾಲದ ತಿಥಿ ಇಡೀ ದಿನಕ್ಕೆ ಹೆಸರು ಕೊಡುತ್ತದೆ, ಜಾತಕಕ್ಕೆ ಬೇಕಾದದ್ದು ಹುಟ್ಟಿದ ಕ್ಷಣದ ತಿಥಿ. ಈ ಒಂದು ಭೇದ ಸ್ಪಷ್ಟವಾದರೆ ಪಂಚಾಂಗದ ಅರ್ಧ ಗೊಂದಲ ತೀರಿದಂತೆ. ತೀರಿಕೊಂಡವರ ಶ್ರಾದ್ಧಕ್ಕೆ ತಿಥಿ ಹಿಡಿಯುವಾಗಲೂ ಮೊದಲು ನೋಡುವುದು ಪ್ರಾಣ ಹೋದ ಹೊತ್ತಿನ ತಿಥಿಯನ್ನೇ.

ಹಳೆಯ ಜಾತಕಗಳಲ್ಲಿ ಜನನಕಾಲವನ್ನು ಗಂಟೆಯಲ್ಲಿ ಬರೆಯುತ್ತಿರಲಿಲ್ಲ, ಸೂರ್ಯೋದಯದಿಂದ ಕಳೆದ ಘಳಿಗೆಗಳಲ್ಲಿ ಬರೆಯುತ್ತಿದ್ದರು. ಒಂದು ಅಹೋರಾತ್ರಕ್ಕೆ 60 ಘಳಿಗೆ, ಅಂದರೆ ಒಂದು ಘಳಿಗೆಗೆ 24 ನಿಮಿಷ. ಘಳಿಗೆಗೆ 60 ವಿಘಳಿಗೆ, ಒಂದೊಂದೂ 24 ಸೆಕೆಂಡ್. ಸೋಮವಾರ ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದ್ದು ಸುಮಾರು 6-45ಕ್ಕೆ. ಅಲ್ಲಿಂದ ಮಗು ಹುಟ್ಟುವವರೆಗೆ 21 ಗಂಟೆ, ಅಂದರೆ 1260 ನಿಮಿಷ. ಅದನ್ನು 24ರಿಂದ ಭಾಗಿಸಿದರೆ 52 ಘಳಿಗೆ 30 ವಿಘಳಿಗೆ. ಅಜ್ಜಂದಿರ ಕಾಲದ ಜಾತಕದಲ್ಲಿ 'ಸೋಮವಾರ, ಉದಯಾದಿ ಗತಘಟಿ 52-30' ಎಂದಿದ್ದರೆ ಅದನ್ನು ಇಂದಿನ ತಾರೀಖಿಗೆ ತರುವಾಗ ಹೀಗೆ ಹಿಂದುಮುಂದು ಲೆಕ್ಕ ಹಾಕಬೇಕು. ಸೋಮವಾರ ಎಂದು ಓದಿ ಸೋಮವಾರದ ತಾರೀಖನ್ನೇ ಹಾಕಿಬಿಟ್ಟರೆ, ಮಧ್ಯರಾತ್ರಿ ದಾಟಿ ಹುಟ್ಟಿದವರ ಜಾತಕ ಒಂದು ದಿನ ಹಿಂದೆ ಸರಿಯುತ್ತದೆ.

ದೇಶದ ಚರಿತ್ರೆಯಲ್ಲೇ ಇಂಥದೊಂದು ರಾತ್ರಿ ಇದೆ. ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಶುಕ್ರವಾರ ಎಂದು ಎಲ್ಲರೂ ಬರೆಯುತ್ತಾರೆ. ಅಧಿಕಾರ ಕೈಬದಲಾದ ಆ ಮಧ್ಯರಾತ್ರಿ ಪಂಚಾಂಗದ ಪ್ರಕಾರ ಇನ್ನೂ ಗುರುವಾರ. ಶುಕ್ರವಾರ ಶುರುವಾದದ್ದು ಮರುಬೆಳಗಿನ ಸೂರ್ಯೋದಯಕ್ಕೆ.

ವಾರದ ಹೆಸರು ಸೂರ್ಯೋದಯಕ್ಕೆ ಅಂಟಿಕೊಂಡ ಬಗೆ

ಭಾನುವಾರದ ಮುಂದೆ ಸೋಮವಾರವೇ ಯಾಕೆ ಬರಬೇಕು? ಆಕಾಶದಲ್ಲಿ ಸೂರ್ಯನ ಪಕ್ಕದಲ್ಲಿ ಚಂದ್ರನಿಲ್ಲ, ಚಂದ್ರನ ಪಕ್ಕದಲ್ಲಿ ಮಂಗಳನೂ ಇಲ್ಲ. ಉತ್ತರ ಹೋರೆಯ ಲೆಕ್ಕದಲ್ಲಿದೆ. ಗ್ರಹಗಳನ್ನು ನಿಧಾನವಾಗಿ ಚಲಿಸುವುದರಿಂದ ಬೇಗ ಚಲಿಸುವುದರ ಕಡೆಗೆ ಜೋಡಿಸಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನಕ್ಕೆ 24 ಹೋರೆ, ಒಂದೊಂದಕ್ಕೆ ಈ ಕ್ರಮದಲ್ಲೇ ಒಬ್ಬೊಬ್ಬ ಅಧಿಪತಿ. ಮೊದಲ ಹೋರೆ ಶನಿಯದಾದರೆ ಎಂಟನೆಯದು, ಹದಿನೈದನೆಯದು, ಇಪ್ಪತ್ತೆರಡನೆಯದು ಮತ್ತೆ ಶನಿಯದೇ. ಇಪ್ಪತ್ತಮೂರು ಗುರುವಿನದು, ಇಪ್ಪತ್ತನಾಲ್ಕು ಕುಜನದು. ಅಲ್ಲಿಗೆ ದಿನ ಮುಗಿಯಿತು. ಮರುದಿನದ ಮೊದಲ ಹೋರೆ ರವಿಯದು, ಅದೇ ಭಾನುವಾರ. ಹೀಗೆ ಪ್ರತಿದಿನ ನಾಲ್ಕನೆಯವನಿಗೆ ಹಾರುತ್ತ ಹೋದರೆ ರವಿಯಿಂದ ಚಂದ್ರ, ಚಂದ್ರನಿಂದ ಕುಜ, ಕುಜನಿಂದ ಬುಧ ಎಂದು ನಮ್ಮ ಏಳು ವಾರಗಳು ಸರಿಯಾಗಿ ಬಂದು ಕೂಡುತ್ತವೆ. ಆರ್ಯಭಟೀಯದಲ್ಲಿ ಈ ನಿಯಮ ಒಂದೇ ಶ್ಲೋಕದಲ್ಲಿದೆ. ದಿನಾಧಿಪತಿಗಳ ಎಣಿಕೆ ಸೂರ್ಯೋದಯದಿಂದ ಎಂದು ಅದರಲ್ಲೇ ಹೇಳಿದೆ. ವಾರದ ಒಡೆಯನೆಂದರೆ ಸೂರ್ಯೋದಯದ ಹೋರೆಯ ಒಡೆಯ. ಆದ್ದರಿಂದ ಈ ಲೆಕ್ಕದಲ್ಲಿ ವಾರದ ಹೆಸರು ಹುಟ್ಟುವುದೇ ಸೂರ್ಯೋದಯದಲ್ಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದನ್ನೆಲ್ಲ 'ವೈದಿಕ' ಜ್ಯೋತಿಷ ಎಂದು ಕರೆಯುವುದು ರೂಢಿ. ಆದರೆ ಕಾಲಗಣನೆಯ ನಮ್ಮ ಅತಿ ಹಳೆಯ ಗ್ರಂಥವಾದ ವೇದಾಂಗ ಜ್ಯೋತಿಷದಲ್ಲಿ ಏಳು ವಾರಗಳ ಮಾತೇ ಇಲ್ಲ. ಅಲ್ಲಿರುವುದು ತಿಥಿ, ನಕ್ಷತ್ರ, ಮುಹೂರ್ತ, ನಾಡಿಕೆ, ಐದು ವರ್ಷದ ಯುಗ ಮತ್ತು ಆ ಯುಗಕ್ಕೆ 1830 ಸಾವನ ದಿನಗಳು. ಗ್ರಹಗಳ ಹೆಸರಿನ ವಾರ ಬಂದದ್ದು ಆಮೇಲೆ. ವಾರವನ್ನು ಹೇಳುವ ಭಾರತದ ಹಳೆಯ ಶಾಸನವೆಂದು ವಿದ್ವಾಂಸರು ತೋರಿಸುವುದು ಮಧ್ಯಪ್ರದೇಶದ ಏರಣದಲ್ಲಿರುವ, ಗುಪ್ತ ದೊರೆ ಬುಧಗುಪ್ತನ ಕಾಲದ ಸ್ತಂಭಶಾಸನವನ್ನು. ಗುಪ್ತ ಸಂವತ್ 165, ಆಷಾಢ ಶುಕ್ಲ ದ್ವಾದಶಿ, ಗುರುವಾರ ಎಂದು ಅದರಲ್ಲಿದೆ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 484. ಸೂರ್ಯೋದಯದಿಂದ ದಿನವನ್ನು ಎಣಿಸುವುದು ವೇದಕಾಲದಷ್ಟು ಹಳೆಯದು, ಆ ದಿನಕ್ಕೆ ಏಳು ಹೆಸರುಗಳನ್ನು ಕೂಡಿಸಿದ್ದು ಮುಂದಿನ ಕಾಲದ ಜ್ಯೋತಿಷ. ಕನ್ನಡ ಶಾಸನಗಳ ಕಾಲ ನಿರ್ಣಯಿಸುವವರಿಗೆ ಈ ವಿವರ ನಿತ್ಯ ಉಪಯೋಗಕ್ಕೆ ಬರುತ್ತದೆ. ಶಕವರ್ಷ, ಮಾಸ, ತಿಥಿ, ವಾರ ನಾಲ್ಕನ್ನೂ ಕೊಟ್ಟ ದಾನಶಾಸನ ಸಿಕ್ಕಿದಾಗ, ಆ ತಿಥಿ ಆ ವಾರದ ಸೂರ್ಯೋದಯಕ್ಕೆ ಇತ್ತೇ ಎಂದು ಗಣಿತ ಮಾಡಿ ನೋಡುತ್ತಾರೆ. ಹೊಂದಿದರೆ ತಾರೀಖು ಗಟ್ಟಿಯಾಯಿತು, ಹೊಂದದಿದ್ದರೆ ಹುಡುಕಾಟ ಮುಂದುವರಿಯಿತು.

ವಾರವನ್ನು ನೆಚ್ಚಿಕೊಂಡ ಲೆಕ್ಕಗಳೆಲ್ಲ ಸೂರ್ಯೋದಯದ ಜೊತೆಗೇ ಸರಿಯುತ್ತವೆ. ರಾಹುಕಾಲ ಎಲ್ಲರಿಗೂ ಗೊತ್ತಿರುವುದು. ಸೋಮವಾರ ಏಳೂವರೆಯಿಂದ ಒಂಬತ್ತು ಎಂದು ಬಾಯಿಪಾಠವಾಗಿರುತ್ತದೆ. ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ನಿಯಮವಿರುವುದು ಹಗಲನ್ನು ಎಂಟು ಪಾಲು ಮಾಡಿ ಸೋಮವಾರಕ್ಕೆ ಎರಡನೆಯ ಪಾಲನ್ನು ಹಿಡಿಯಬೇಕೆಂದು. ಜನವರಿ ಕೊನೆಯಲ್ಲಿ ಬೆಂಗಳೂರಿನ ಹಗಲು ಸುಮಾರು 6-46ರಿಂದ ಸಂಜೆ 6-19ರವರೆಗೆ. ಒಂದು ಪಾಲಿಗೆ ಸುಮಾರು 87 ನಿಮಿಷ. ಹಾಗಾಗಿ ಆ ಸೋಮವಾರದ ರಾಹುಕಾಲ ಶುರುವಾಗುವುದು 8-13ರ ಸುಮಾರಿಗೆ, ಮುಗಿಯುವುದು 9-39ಕ್ಕೆ. ಏಳೂವರೆಯ ಬಸ್ಸು ಬಿಟ್ಟು ಒಂಬತ್ತೂಕಾಲಕ್ಕೆ ಹೊರಟವರು, ತಾವು ನಂಬಿದ ನಿಯಮದ ಪ್ರಕಾರವೇ ರಾಹುಕಾಲದ ಒಳಗೆ ಹೊರಟಿರುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಂಬಿ ಪಾಲಿಸುವವರು ನಿಯಮದ ಲೆಕ್ಕವನ್ನಾದರೂ ಸರಿಯಾಗಿ ಹಿಡಿಯಲಿ ಎಂಬುದು ನನ್ನ ಆಸೆ.

ಸೂರ್ಯನ ಯಾವ ಅಂಚು?

ಸೂರ್ಯ ಒಂದು ಬಿಂದುವಲ್ಲ, ಬಿಂಬ. ಮೇಲಂಚು ದಿಗಂತದಲ್ಲಿ ಮಿನುಗಿದಾಗ ಉದಯವೋ, ಬಿಂಬದ ನಡುಭಾಗ ದಿಗಂತಕ್ಕೆ ಬಂದಾಗ ಉದಯವೋ? ಇದರ ಜೊತೆಗೆ ವಾತಾವರಣದ ಆಟವೂ ಇದೆ. ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದ, ಸೂರ್ಯ ದಿಗಂತದ ಕೆಳಗಿರುವಾಗಲೇ ನಮ್ಮ ಕಣ್ಣಿಗೆ ಕಾಣಿಸಿಕೊಳ್ಳುತ್ತಾನೆ. ಇಂದಿನ ಖಗೋಳ ಪಟ್ಟಿಗಳು ಮೇಲಂಚು ಕಣ್ಣಿಗೆ ಕಾಣುವ ಕ್ಷಣವನ್ನೇ ಸೂರ್ಯೋದಯ ಎನ್ನುತ್ತವೆ. ಆಗ ಬಿಂಬದ ಕೇಂದ್ರ ನಿಜಕ್ಕೂ ದಿಗಂತಕ್ಕಿಂತ ಸುಮಾರು 50 ಕಲೆ ಕೆಳಗಿರುತ್ತದೆ: ಬಾಗುವಿಕೆಯಿಂದ 34, ಬಿಂಬದ ಅರ್ಧ ಅಗಲದಿಂದ 16. ಹಳೆಯ ಸಿದ್ಧಾಂತ ಗಣಿತದಲ್ಲಿ ಕೇಂದ್ರವೇ ಮುಖ್ಯ, ಬೆಳಕಿನ ಬಾಗುವಿಕೆಗೆ ಸಂಸ್ಕಾರ, ಅಂದರೆ ತಿದ್ದುಪಡಿ, ಇಲ್ಲ. ಕರ್ನಾಟಕದ ಅಕ್ಷಾಂಶದಲ್ಲಿ ಈ ಎರಡು ಸೂರ್ಯೋದಯಗಳ ನಡುವೆ ಮೂರೂವರೆ ನಿಮಿಷದಷ್ಟು ಅಂತರ ಬರುತ್ತದೆ. ಎರಡು ಪಂಚಾಂಗಗಳು ಒಂದೇ ಊರಿಗೆ ಎರಡು ಸೂರ್ಯೋದಯ ಕೊಟ್ಟರೆ ಅನೇಕ ಸಲ ಕಾರಣ ಇಷ್ಟೇ. ಸೂರ್ಯೋದಯದ ಆಸುಪಾಸಿನಲ್ಲಿ ಹುಟ್ಟಿದವರಿಗೆ ಮಾತ್ರ ಆ ಮೂರು ನಿಮಿಷ ವಾರವನ್ನೇ ಬದಲಿಸಬಲ್ಲದು. ಅಂಥ ಜಾತಕದಲ್ಲಿ ಯಾವ ಉದಯವನ್ನು ಹಿಡಿದಿದ್ದೇವೆ ಎಂದು ಬರೆದಿಡುವುದು ಒಳ್ಳೆಯದು.

ಆಗುಂಬೆಯ ಕಡೆಯ ಕಣಿವೆಯಲ್ಲಿ ಮನೆಯಿದ್ದರೆ ಬಿಸಿಲು ಅಂಗಳಕ್ಕೆ ಬರುವಾಗ ಎಂಟು ಗಂಟೆಯಾಗಬಹುದು. ಅದು ಲೆಕ್ಕಕ್ಕಿಲ್ಲ. ಪಂಚಾಂಗ ನೋಡುವುದು ಬೆಟ್ಟವಿಲ್ಲದ, ಮೋಡವಿಲ್ಲದ ಸಮತಟ್ಟಾದ ದಿಗಂತವನ್ನು.

ಊರಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಂಗಳೂರು ಬೆಂಗಳೂರಿನಿಂದ ಸುಮಾರು ಎರಡೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯ ಹನ್ನೊಂದು ನಿಮಿಷ ತಡವಾಗಿ ಹುಟ್ಟುತ್ತಾನೆ. ಒಂದೇ ಕ್ಷಣದಲ್ಲಿ ಬೆಂಗಳೂರಿನಲ್ಲಿ ಮಂಗಳವಾರ, ಮಂಗಳೂರಿನಲ್ಲಿ ಇನ್ನೂ ಸೋಮವಾರ ಇರುವ ಹನ್ನೊಂದು ನಿಮಿಷ ಪ್ರತಿದಿನವೂ ಇರುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರವಿರುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ.

ಮಧ್ಯರಾತ್ರಿಯೂ ನಮ್ಮದೇ

ಪ್ರತಿ ಜನವರಿ 1ಕ್ಕೆ ಮೊಬೈಲಿನಲ್ಲಿ ಹರಿದಾಡುವ ಒಂದು ಮಾತಿದೆ. ನಡುರಾತ್ರಿ ಕತ್ತಲಲ್ಲಿ ದಿನ ಶುರು ಮಾಡುವುದು ಪಾಶ್ಚಾತ್ಯರ ಪದ್ಧತಿ, ನಮ್ಮ ಶಾಸ್ತ್ರದಲ್ಲಿ ಅಂಥದ್ದಿಲ್ಲ ಎನ್ನುವುದು ಅದರ ಸಾರ. ನಮ್ಮ ಗಣಿತಜ್ಞರ ಸಾಧನೆಯನ್ನು ಮೆಚ್ಚುವವರು ಈ ಮಾತನ್ನು ಒಪ್ಪಬಾರದು, ಯಾಕೆಂದರೆ ಅದು ಅವರ ಒಂದು ಸೂಕ್ಷ್ಮ ಆಲೋಚನೆಯನ್ನೇ ಅಳಿಸಿಹಾಕುತ್ತದೆ.

ಬೆಂಗಳೂರಿನಲ್ಲಿ ವರ್ಷದ ಅತಿ ಬೇಗದ ಸೂರ್ಯೋದಯ 5-52ರ ಸುಮಾರಿಗೆ, ಅತಿ ತಡದ್ದು 6-46ರ ಸುಮಾರಿಗೆ. ಉತ್ತರಕ್ಕೆ ಹೋದಷ್ಟೂ ಈ ಓಲಾಟ ಹೆಚ್ಚು. ಹಾಗಾಗಿ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಇರುವ ಅವಧಿ ಪ್ರತಿದಿನ ಕೆಲವು ಸೆಕೆಂಡು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಸಾವಿರಾರು ವರ್ಷಗಳ ದಿನಗಳನ್ನು ಎಣಿಸಿ ಗ್ರಹಗಳ ಸ್ಥಾನ ಹೇಳಬೇಕಾದವರಿಗೆ ಇಂಥ ಅಲುಗಾಡುವ ಆರಂಭ ಆಗಿಬರುವುದಿಲ್ಲ. ಸೂರ್ಯೋದಯ ಊರಿನ ರೇಖಾಂಶವನ್ನೂ ಅಕ್ಷಾಂಶವನ್ನೂ ಅವಲಂಬಿಸಿದೆ. ಮಧ್ಯರಾತ್ರಿಗೆ ರೇಖಾಂಶ ಮಾತ್ರ ಸಾಕು. ಒಂದೇ ರೇಖೆಯ ಮೇಲಿರುವ ಎಲ್ಲ ಊರುಗಳಿಗೂ, ಅವು ಎಷ್ಟೇ ಉತ್ತರಕ್ಕಿರಲಿ ದಕ್ಷಿಣಕ್ಕಿರಲಿ, ಮಧ್ಯರಾತ್ರಿ ಒಟ್ಟಿಗೇ ಆಗುತ್ತದೆ. ಸೂರ್ಯೋದಯವೇ ಬೇಕೆಂದರೆ ಹಗಲು ರಾತ್ರಿ ಯಾವಾಗಲೂ ಸಮವಾಗಿರುವ ಭೂಮಧ್ಯರೇಖೆಯ ಸೂರ್ಯೋದಯವನ್ನು ಹಿಡಿಯಬೇಕು. ನಮ್ಮವರು ಎರಡನ್ನೂ ಮಾಡಿದರು. ಉಜ್ಜಯಿನಿಯ ರೇಖೆ ಭೂಮಧ್ಯರೇಖೆಯನ್ನು ಕೂಡುವ ಬಿಂದುವನ್ನು 'ಲಂಕೆ' ಎಂದು ಕರೆದು, ಅದನ್ನು ಎಲ್ಲ ಲೆಕ್ಕದ ಆಧಾರಬಿಂದುವಾಗಿ ಇಟ್ಟುಕೊಂಡರು. ಇದು ಇಂದಿನ ಶ್ರೀಲಂಕೆಯಲ್ಲ, ಗಣಿತಕ್ಕಾಗಿ ಗುರುತಿಸಿಕೊಂಡ ಜಾಗ. ಆ ಉಜ್ಜಯಿನಿ ರೇಖೆ ನಮ್ಮ ವಿಜಯಪುರ, ಚಿಕ್ಕಮಗಳೂರುಗಳ ಹತ್ತಿರವೇ ಹಾದುಹೋಗುತ್ತದೆ.

ಆರ್ಯಭಟ ಕ್ರಿ.ಶ. 499ರ ಆಸುಪಾಸಿನಲ್ಲಿ ರೂಪಿಸಿದ ಆರ್ಯಭಟೀಯದ ಲೆಕ್ಕ ಲಂಕೆಯ ಸೂರ್ಯೋದಯದಿಂದ ಶುರುವಾಗುತ್ತದೆ. ಅವನದೇ ಇನ್ನೊಂದು ಪದ್ಧತಿ ಲಂಕೆಯ ಮಧ್ಯರಾತ್ರಿಯಿಂದ. ಮೊದಲನೆಯದಕ್ಕೆ ಔದಯಿಕ, ಎರಡನೆಯದಕ್ಕೆ ಆರ್ಧರಾತ್ರಿಕ ಎಂಬ ಹೆಸರುಗಳೇ ನಿಂತವು. ಕಲಿಯುಗದ ಆರಂಭವಾದ ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ, ಒಂದು ಲೆಕ್ಕದಲ್ಲಿ ಬೆಳಗ್ಗೆ ಹುಟ್ಟಿದರೆ ಇನ್ನೊಂದರಲ್ಲಿ 15 ಘಳಿಗೆ ಮುಂಚೆ ನಡುರಾತ್ರಿಯಲ್ಲೇ ಹುಟ್ಟುತ್ತದೆ. ಆರ್ಯಭಟ ಒಂದು ಕಡೆ ಮಧ್ಯರಾತ್ರಿ ಎನ್ನುತ್ತಾನೆ, ಇನ್ನೊಂದು ಕಡೆ ಸೂರ್ಯೋದಯ ಎನ್ನುತ್ತಾನೆ ಎಂದು ವರಾಹಮಿಹಿರ ಪಂಚಸಿದ್ಧಾಂತಿಕೆಯಲ್ಲಿ ಎತ್ತಿ ತೋರಿಸಿದ್ದಾನೆ. ಆರ್ಯಭಟನನ್ನು ಕಟುವಾಗಿ ಟೀಕಿಸಿದ ಬ್ರಹ್ಮಗುಪ್ತ ಕೂಡ 665ರಲ್ಲಿ ಖಂಡಖಾದ್ಯಕ ಬರೆಯುವಾಗ ಹಿಡಿದದ್ದು ಆರ್ಧರಾತ್ರಿಕ ಪದ್ಧತಿಯನ್ನೇ.

ಸೂರ್ಯಸಿದ್ಧಾಂತದಲ್ಲಿ ಇದು ಇನ್ನೂ ಸೊಗಸಾಗಿದೆ. ಸಾವನ ದಿನ ಎಂದರೆ ಉದಯದಿಂದ ಉದಯಕ್ಕೆ ಎಂದು ಅದೇ ಗ್ರಂಥ ಹೇಳುತ್ತದೆ. ಒಂದು ಮಹಾಯುಗಕ್ಕೆ ಅಂಥ ದಿನಗಳು 1,57,79,17,828 ಎಂದು ಎಣಿಸುತ್ತದೆ. ನಕ್ಷತ್ರಗಳು ಉದಯಿಸುವ ಲೆಕ್ಕದಲ್ಲಿ ದಿನಗಳು 1,58,22,37,828. ಎರಡರ ವ್ಯತ್ಯಾಸ 43,20,000, ಅಂದರೆ ಸರಿಯಾಗಿ ಮಹಾಯುಗದ ವರ್ಷಗಳ ಸಂಖ್ಯೆ. ವರ್ಷಕ್ಕೊಂದು ಸುತ್ತು ಸೂರ್ಯ ನಕ್ಷತ್ರಗಳ ನಡುವೆ ಹಿಂದುಳಿಯುವುದರಿಂದ ನಕ್ಷತ್ರೋದಯಗಳು ವರ್ಷಕ್ಕೆ ಒಂದು ಹೆಚ್ಚು. ಆದರೆ ಈ ದಿನಗಳನ್ನು ಕೂಡಿಸಿ ಅಹರ್ಗಣ (ಕಳೆದ ದಿನಗಳ ಒಟ್ಟು ಎಣಿಕೆ) ಕಟ್ಟಿ ಮಧ್ಯಮ ಗ್ರಹವನ್ನು (ಗ್ರಹದ ಸರಾಸರಿ ಸ್ಥಾನವನ್ನು) ತೆಗೆಯುವಾಗ ಸಿಗುವ ಸ್ಥಾನ ಉಜ್ಜಯಿನಿ ರೇಖೆಯ ಮಧ್ಯರಾತ್ರಿಯದು. ಆಮೇಲೆ ದೇಶಾಂತರ ಸಂಸ್ಕಾರದಿಂದ ಅದನ್ನು ನಮ್ಮ ಊರಿನ ರೇಖೆಗೂ, ಚರ ಸಂಸ್ಕಾರದಿಂದ ನಮ್ಮ ಅಕ್ಷಾಂಶದ ಸೂರ್ಯೋದಯಕ್ಕೂ ತರಬೇಕು. ವಾರಪ್ರವೃತ್ತಿಯನ್ನೂ, ಅಂದರೆ ವಾರದ ಆರಂಭವನ್ನೂ, ಆ ಗ್ರಂಥ ಮಧ್ಯರಾತ್ರಿಗೇ ಕಟ್ಟುತ್ತದೆ: ರೇಖೆಯ ಪೂರ್ವದ ಊರುಗಳಲ್ಲಿ ಅಲ್ಲಿನ ಮಧ್ಯರಾತ್ರಿಯ ನಂತರ ದೇಶಾಂತರ ನಾಡಿಗಳಷ್ಟು (ರೇಖಾಂಶದ ಅಂತರಕ್ಕೆ ತಕ್ಕ ಘಳಿಗೆಗಳಷ್ಟು) ಹೊತ್ತಿಗೆ, ಪಶ್ಚಿಮದಲ್ಲಿ ಅಷ್ಟೇ ಮುಂಚೆ ವಾರ ಬದಲಾಗುತ್ತದೆ. ಎಲ್ಲ ಊರಿಗೂ ಒಂದೇ ಕ್ಷಣದಲ್ಲಿ ವಾರ ಬದಲಾಗಲಿ ಎಂಬ ಆಲೋಚನೆ ಇದು. ಮುಹೂರ್ತ ಗ್ರಂಥಗಳಲ್ಲಿ ಇದರದೇ ಇನ್ನೊಂದು ರೂಪವಿದೆ, ಸ್ಥಳೀಯ ಸೂರ್ಯೋದಯ ಬಿಟ್ಟು ಲಂಕೆಯ ಸೂರ್ಯೋದಯದಿಂದ ವಾರಪ್ರವೃತ್ತಿ ಹಿಡಿದು ಹೋರೆ ಎಣಿಸುವುದು.

ಹೀಗೆ ಗಣಿತಕ್ಕೆ ಮಧ್ಯರಾತ್ರಿ, ಬಾಳುವೆಗೆ ಸೂರ್ಯೋದಯ ಎಂಬ ಹಂಚಿಕೆ ನಮ್ಮಲ್ಲೇ ಬೆಳೆದದ್ದು. ಸ್ವತಂತ್ರ ಭಾರತ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಮಾಡಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಾಗಲೂ ಆಡಳಿತದ ದಿನಕ್ಕೆ ಮಧ್ಯರಾತ್ರಿಯೇ ಗಡಿಯಾಯಿತು.

ಇಷ್ಟಾದರೂ ಜನಜೀವನ ಸೂರ್ಯೋದಯವನ್ನು ಬಿಡಲಿಲ್ಲ. ಅದಕ್ಕೆ ಕಾರಣ ಶ್ರದ್ಧೆಯೊಂದೇ ಎಂದು ನನಗನಿಸುವುದಿಲ್ಲ. ಸೂರ್ಯೋದಯದ ದಿನದಲ್ಲಿ ರಾತ್ರಿ ಇಡಿಯಾಗಿ ಉಳಿಯುತ್ತದೆ. ಶಿವರಾತ್ರಿಯ ಜಾಗರಣೆಯನ್ನೇ ನೋಡಿ. ಸಂಜೆ ಪೂಜೆಗೆ ಕೂತು ನಾಲ್ಕು ಯಾಮ ಕಳೆದು ಬೆಳಗ್ಗೆ ಏಳುವಷ್ಟರಲ್ಲಿ ಕ್ಯಾಲೆಂಡರಿನಲ್ಲಿ ಎರಡು ತಾರೀಖು ಆಗಿರುತ್ತದೆ, ಪಂಚಾಂಗದಲ್ಲಿ ಅದು ಒಂದೇ ವಾರದ ಒಂದೇ ರಾತ್ರಿ. ಮಾತಿನಲ್ಲೂ ನಾವು 'ಸೋಮವಾರ ರಾತ್ರಿ ಒಂದು ಗಂಟೆ' ಎಂದೇ ಹೇಳುತ್ತೇವೆ. ರಾತ್ರಿ ಹನ್ನೆರಡೂವರೆಯ ಬಸ್ಸಿಗೆ ಟಿಕೆಟ್ ತೆಗೆಸುವಾಗ ಯಾವ ತಾರೀಖು ಒತ್ತಬೇಕೆಂದು ಇವತ್ತಿಗೂ ಒಂದು ಕ್ಷಣ ತಡೆಯುವವರು ಎಷ್ಟೋ ಜನ.

ಹಬ್ಬಕ್ಕೆ ಉದಯತಿಥಿಯೊಂದೇ ಸಾಲದು

ಒಂದು ತಿಥಿ 20 ಗಂಟೆಯಿಂದ 27 ಗಂಟೆಯವರೆಗೆ ಇರಬಹುದು. ಸಾವನ ದಿನ 24 ಗಂಟೆ. ಎರಡೂ ಹೊಂದದೆ ಇರುವುದರಿಂದ ಕೆಲವೊಮ್ಮೆ ಒಂದೇ ತಿಥಿ ಎರಡು ಸೂರ್ಯೋದಯಗಳನ್ನು ಕಂಡು ವೃದ್ಧಿಯಾಗುತ್ತದೆ, ಕೆಲವೊಮ್ಮೆ ಒಂದು ಸೂರ್ಯೋದಯವನ್ನೂ ಕಾಣದೆ ಕ್ಷಯವಾಗುತ್ತದೆ. ಸಾಮಾನ್ಯ ದಿನಕ್ಕೆ ಉದಯತಿಥಿಯ ಹೆಸರು ಸಾಕು. ಹಬ್ಬಕ್ಕೆ ಸಾಲದು, ಏಕೆಂದರೆ ಪ್ರತಿ ಹಬ್ಬಕ್ಕೂ ಅದರದೇ ಹೊತ್ತಿದೆ. ಗಣೇಶ ಚತುರ್ಥಿಗೆ, ರಾಮನವಮಿಗೆ ಮಧ್ಯಾಹ್ನದಲ್ಲಿ ತಿಥಿ ಇರಬೇಕು. ವಿಜಯದಶಮಿಗೆ ಅಪರಾಹ್ಣದಲ್ಲಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರದೋಷದಲ್ಲಿ (ಸೂರ್ಯ ಮುಳುಗಿದ ಮೇಲಿನ ಹೊತ್ತಿನಲ್ಲಿ) ಅಮಾವಾಸ್ಯೆ, ಶಿವರಾತ್ರಿಗೆ ನಿಶೀಥದಲ್ಲಿ (ನಡುರಾತ್ರಿಯಲ್ಲಿ) ಚತುರ್ದಶಿ, ಸಂಕಷ್ಟಿಗೆ ಚಂದ್ರೋದಯದಲ್ಲಿ ಚತುರ್ಥಿ. ನರಕ ಚತುರ್ದಶಿಯ ಎಣ್ಣೆಸ್ನಾನವಂತೂ ಸೂರ್ಯ ಹುಟ್ಟುವ ಮುಂಚೆಯೇ ಮುಗಿಯಬೇಕು. ವಾರದ ಲೆಕ್ಕದಲ್ಲಿ ಆ ಸ್ನಾನದ ಹೊತ್ತು ಇನ್ನೂ ಹಿಂದಿನ ದಿನ, ಹಬ್ಬದ ಲೆಕ್ಕದಲ್ಲಿ ಅದು ಬರುವ ದಿನದ ಮೊದಲ ಕೆಲಸ. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗುವ ಬ್ರಾಹ್ಮೀಮುಹೂರ್ತದ್ದೂ ಇದೇ ಕಥೆ.

ಏಕಾದಶಿಯಲ್ಲಿ ದಿನದ ಆರಂಭದ ಪ್ರಶ್ನೆ ಮನೆಮನೆಗೂ ತಟ್ಟುತ್ತದೆ. ಕ್ಯಾಲೆಂಡರಿನಲ್ಲಿ ಒಂದು ದಿನ 'ಸ್ಮಾರ್ತ ಏಕಾದಶಿ', ಮರುದಿನ 'ವೈಷ್ಣವ ಏಕಾದಶಿ' ಎಂದಿದ್ದರೆ ಜಗಳ ಇರುವುದು ಇಲ್ಲೇ. ದಶಮಿ ಬೆಳಗಿನ ಜಾವ 5-15ಕ್ಕೆ ಮುಗಿಯಿತು, ಸೂರ್ಯೋದಯ 6-20ಕ್ಕೆ ಎನ್ನಿ. ಸೂರ್ಯೋದಯಕ್ಕೆ ಏಕಾದಶಿಯೇ ಇದೆ, ದಶಮಿಯ ಸೋಂಕಿಲ್ಲ, ಆದ್ದರಿಂದ ಸಾಮಾನ್ಯವಾಗಿ ಸ್ಮಾರ್ತರು ಅಂದೇ ಉಪವಾಸವಿರುತ್ತಾರೆ. ಮಾಧ್ವರೂ ಇತರ ಹಲವು ವೈಷ್ಣವರೂ ಸೂರ್ಯೋದಯಕ್ಕಿಂತ ನಾಲ್ಕು ಘಳಿಗೆ ಹಿಂದಿನ ಅರುಣೋದಯವನ್ನು ನೋಡುತ್ತಾರೆ. ಅದು 4-44ಕ್ಕೆ ಶುರುವಾಯಿತು, ಆಗಿನ್ನೂ ದಶಮಿ ಇತ್ತು. ಇದು ದಶಮೀವೇಧ, ಉಪವಾಸ ಮರುದಿನಕ್ಕೆ ಹೋಗುತ್ತದೆ. ತಿಥಿಯ ಗಣಿತದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಉಪವಾಸದ ದಿನದ ಹೊಸ್ತಿಲು ಎಲ್ಲಿ ಎಂಬುದರಲ್ಲಷ್ಟೇ ಇದೆ.

ಸಂಕ್ರಾಂತಿಗೂ ಹೀಗೆಯೇ. 2024ರಲ್ಲಿ ಸೂರ್ಯ ಮಕರಕ್ಕೆ ಹೋದದ್ದು ದೃಗ್ಗಣಿತದಂತೆ ಜನವರಿ 15ರ ಬೆಳಗಿನ ಜಾವ 2-54ಕ್ಕೆ. ಪಂಚಾಂಗದ ಪ್ರಕಾರ ಅದು ಭಾನುವಾರ ರಾತ್ರಿ. ರಾತ್ರಿ ಸಂಕ್ರಮಣವಾದ್ದರಿಂದ ಪುಣ್ಯಕಾಲ ಮುಂದಿನ ಹಗಲಿಗೆ ಬಂತು, ಎಳ್ಳು ಬೀರಿದ್ದು ಸೋಮವಾರ.

ದೂರದೇಶದ ಕನ್ನಡಿಗರ ಯುಗಾದಿ

'ಇಂಡಿಯಾದಲ್ಲಿ ನಾಳೆ ಯುಗಾದಿಯಂತೆ, ನಮ್ಮ ದೇವಸ್ಥಾನದವರು ಇವತ್ತೇ ಅಂತಾರಲ್ಲ' ಎಂದು ಅಮೆರಿಕದಲ್ಲಿರುವವರು ಕೇಳುವುದುಂಟು. ಇದೂ ಸೂರ್ಯೋದಯದ ಮಹಿಮೆ. ಒಂದು ವರ್ಷ ಫಾಲ್ಗುಣ ಅಮಾವಾಸ್ಯೆ ಭಾರತದ ಗಡಿಯಾರದಲ್ಲಿ ಸಂಜೆ 4ಕ್ಕೆ ಮುಗಿಯಿತು ಎನ್ನಿ. ಬೆಂಗಳೂರಿನಲ್ಲಿ ಅಂದಿನ ಸೂರ್ಯೋದಯಕ್ಕೆ ಅಮಾವಾಸ್ಯೆಯೇ ಇತ್ತು, ಪಾಡ್ಯ ಸಿಗುವುದು ಮರುದಿನದ ಉದಯಕ್ಕೆ. ನ್ಯೂಜೆರ್ಸಿಯಲ್ಲಿ ಅದೇ ಕ್ಷಣ ಅದೇ ತಾರೀಖಿನ ಬೆಳಗ್ಗೆ 6-30. ಮಾರ್ಚ್ ಇಪ್ಪತ್ತರ ಆಸುಪಾಸಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳರ ಹೊತ್ತಿಗೆ. ಸೂರ್ಯ ಹುಟ್ಟುವಷ್ಟರಲ್ಲಿ ಅಲ್ಲಿ ಪಾಡ್ಯ ಹತ್ತಿಯಾಗಿದೆ, ಹಾಗಾಗಿ ಯುಗಾದಿ ಅಂದೇ. ತಾರೀಖಿನ ಮೇಲೆ ಅಮೆರಿಕದವರು ಒಂದು ದಿನ ಮುಂಚೆ ಬೇವುಬೆಲ್ಲ ತಿಂದಂತೆ ಕಾಣುತ್ತದೆ. ಬೆಂಗಳೂರಿನ ಕ್ಯಾಲೆಂಡರನ್ನು ಅಲ್ಲಿನ ಗೋಡೆಗೆ ತೂಗುಹಾಕಿ ಅದರಂತೆ ಹಬ್ಬ ಮಾಡುವುದರಲ್ಲಿ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಪಂಚಾಂಗದ ನಿಯಮವೇ ಬೇಕೆನ್ನುವವರು ತಾವಿರುವ ಊರಿಗೆ ಗಣಿಸಿದ ಪಂಚಾಂಗವನ್ನೇ ಇಟ್ಟುಕೊಳ್ಳಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಬಂದಿರುತ್ತಾನೆ, ಡಿಸೆಂಬರಿನಲ್ಲಿ ಎಂಟಾದರೂ ಬಂದಿರುವುದಿಲ್ಲ. ಆರು ಗಂಟೆಯ ಲೆಕ್ಕದ ರಾಹುಕಾಲದ ಪಟ್ಟಿ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಇನ್ನೂ ಉತ್ತರಕ್ಕೆ, ನಾರ್ವೆಯ ಟ್ರೋಮ್ಸೊದಂಥ ಊರಿನಲ್ಲಿ, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿ ಸಾವನ ದಿನವನ್ನು ಹೇಗೆ ಎಣಿಸುವುದು? ಸಿದ್ಧಾಂತಕಾರರು ಇಂಥ ನೆಲವನ್ನು ಕಣ್ಣಾರೆ ಕಂಡವರಲ್ಲ. ಆದರೂ ಗೋಲಗಣಿತದಿಂದ ಅದನ್ನು ತಿಳಿದಿದ್ದರು. 1150ರ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿ ಭಾಸ್ಕರಾಚಾರ್ಯ 66 ಡಿಗ್ರಿಯಿಂದ ಆಚಿನ ಪ್ರದೇಶಗಳಲ್ಲಿ ಸೂರ್ಯ ದಿನಗಟ್ಟಲೆ ಮುಳುಗದೆ, ದಿನಗಟ್ಟಲೆ ಹುಟ್ಟದೆ ಇರುವುದನ್ನು ವಿವರಿಸುತ್ತಾನೆ. ಸೂರ್ಯಸಿದ್ಧಾಂತ ಇನ್ನೂ ಮುಂದೆ ಹೋಗಿ ಉತ್ತರ ಧ್ರುವದ ಮೇರುವಿನಲ್ಲಿ ನಿಂತವರಿಗೆ ಏನು ಕಾಣುತ್ತದೆಂದು ಹೇಳುತ್ತದೆ. ಸೂರ್ಯ ಮೇಷಾದಿಗೆ ಬಂದಾಗ ಒಮ್ಮೆ ಹುಟ್ಟಿ ಆರು ತಿಂಗಳು ಕಾಣುತ್ತಾನೆ, ತುಲಾದಿಯಲ್ಲಿ ಮುಳುಗಿ ಆರು ತಿಂಗಳು ಮರೆಯಾಗುತ್ತಾನೆ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ ಎಂದು ಪುರಾಣ ಕೇಳಿದವರಿಗೆಲ್ಲ ಗೊತ್ತು. ಧ್ರುವದಲ್ಲಿ ಉದಯದಿಂದ ಉದಯಕ್ಕೆ ಎಂಬ ನಿಯಮವನ್ನೇ ಹಿಡಿದು ಎಣಿಸಿದರೆ ಆ ಮಾತು ಅಕ್ಷರಶಃ ನಿಜವಾಗುತ್ತದೆ. ಅಲ್ಲಿ ಸೋಮವಾರ, ಮಂಗಳವಾರ ಎಂದು ಎಣಿಸಬೇಕಾದರೆ ಸ್ಥಳೀಯ ಸೂರ್ಯೋದಯದಿಂದ ಸಾಧ್ಯವಿಲ್ಲ. ಲಂಕೆಯ ಉದಯವನ್ನೋ ರೇಖೆಯ ಮಧ್ಯರಾತ್ರಿಯನ್ನೋ ಹಿಡಿಯಬೇಕು. ಆ ಲೆಕ್ಕ ಸೂರ್ಯಸಿದ್ಧಾಂತದ ಮೊದಲ ಅಧ್ಯಾಯದಲ್ಲೇ ಇದೆ.